ಬೊಮ್ಮಕ್ಕತ್ತೆ ತುಂಬಿದ ಗುಂಡಿ

ನೆನೆದ ಇದ್ದಿಲೂ ಕಲ್ಲುಪ್ಪೂ ಮಣ್ಣಿನೊಳಗೆ ಸೇರಿದಾಗ ಒಂದು ವಾಸನೆ ಏಳುತ್ತದೆ. ನೀರು ಚಿಮುಕಿಸಿ ಆರಿಸಿದ ಒಲೆಯ ವಾಸನೆಗೆ ಅದು ಹತ್ತಿರ, ಆದರೆ ಇನ್ನೂ ತಣ್ಣಗೆ, ಇನ್ನೂ ಆಳದಿಂದ ಬಂದ ಹಾಗೆ. ಹೋದ ತಿಂಗಳು ನಮ್ಮ ಈ ದಿಂಡಿಗಲ್ ಮನೆಯ ಮೇಲೆ ರೇಡಿಯೋ ತಂತಿ ಕಟ್ಟಲು ಬಂದಾತ ಹಿತ್ತಿಲ ಗೋಡೆಯ ಬುಡದಲ್ಲಿ ಗುಂಡಿ ತೋಡಿ, ತಾಮ್ರದ ತಗಡು ನಿಲ್ಲಿಸಿ, ಇದ್ದಿಲು ಉಪ್ಪು ಸುರಿದು ಕೊಡದಿಂದ ನೀರು ಹೊಯ್ದಾಗ ಆ ವಾಸನೆ ಎದ್ದಿತು. ಮೊಮ್ಮಕ್ಕಳೇ, ನೀವೆಲ್ಲ ಮಾಳಿಗೆಯ ಮೇಲೆ ಬಿದಿರ ಗಳುವಿಗೆ ತಂತಿ ಬಿಗಿಯುವುದನ್ನು ನೋಡಿ ಇಳಿದು ಬಂದಿರಿ. "ಪಾಟ್ಟು ಹಾಡೋ ಪೆಟ್ಟಿಗೆಗೆ ಉಪ್ಪು ಯಾಕೆ?" ಎಂದು ನಿಮ್ಮಲ್ಲೊಬ್ಬಳು ಕೇಳಿದಳು. ಆತ ನಕ್ಕು, ಮೇಲಿನ ತಂತಿಗೆ ಸಿಡಿಲು ಹೊಡೆದರೆ ಅದು ಮನೆಯೊಳಗೆ ಬರದೆ ನೆಲಕ್ಕೆ ಇಳಿಯಲಿ ಎಂದು ಅಂದ. ಅದರ ಮುಂದಿನ ಮಾತು ನನ್ನ ಬಳಿ ಇತ್ತು. ಹೊಸಬರ ಎದುರು ನನಗೆ ಬಾಯಿ ಏಳುವುದಿಲ್ಲ, ನಿಮಗೂ ಗೊತ್ತು. ಸೆರಗಿನಲ್ಲಿ ಕಣ್ಣೊರೆಸಿಕೊಂಡು ಒಳಗೆ ಬಂದೆ. ಬಾಯಲ್ಲಿ ಬಾರದ್ದನ್ನು ಈಗ ಬರೆಯುತ್ತೇನೆ. ನೀವು ತಮಿಳು ಓದುವ ಮಕ್ಕಳು. ಜಗುಲಿಯ ಶಾಲೆಯಲ್ಲಿ ಮರಳಿನ ಮೇಲೆ ಬೆರಳಾಡಿಸಿ ನಾನು ಕಲಿತ ಈ ಕನ್ನಡ ಅಕ್ಷರವನ್ನು ನಿಮಗೆ ಯಾರು ಓದಿ ಹೇಳುತ್ತಾರೋ ತಿಳಿಯದು. ಯಾರಾದರೂ ಓದಿಯಾರು.

ಕಂಬಂ ಕಣಿವೆ ಮುಗಿದು ಕುಮಳಿಯ ಘಾಟಿ ಏರುವ ಮೊದಲಿನ ಕಡೆಯ ಊರು ಗೂಡಲೂರು. ನಾನು ಹುಟ್ಟಿ ಬೆಳೆದದ್ದು ಅಲ್ಲಿ. ಆಗ ಘಾಟಿಯ ಮೇಲಿನ ಕಾಡಿನಲ್ಲಿ ದೊಡ್ಡ ಅಣೆಕಟ್ಟಿನ ಕೆಲಸ ನಡೆದಿತ್ತು. ಹಗಲೆಲ್ಲ ಬೀದಿಯಲ್ಲಿ ಎತ್ತಿನ ಗಾಡಿಗಳ ಗಡಗಡ. ನಮ್ಮಪ್ಪನೂ ಗಾಡಿಗಳನ್ನಿಟ್ಟುಕೊಂಡು ಮೇಲಕ್ಕೆ ಸುಣ್ಣ ಸಾಗಿಸುತ್ತಿದ್ದ. ಮನೆಗೆ ಬಂದರೆ ಅವನ ಹುಬ್ಬು ಬೆಳ್ಳಗೆ, ರೆಪ್ಪೆ ಬೆಳ್ಳಗೆ. ನಾನು ತೊಡೆ ಹತ್ತಿ ಕೂತು ಹುಬ್ಬು ಒರೆಸಿ ಕಪ್ಪು ಮಾಡುತ್ತಿದ್ದೆ. ನಮ್ಮದು ಬೀದಿಗೇ ಎತ್ತರದ ಮನೆ. ಕೆಳಗೆ ದಪ್ಪ ಗೋಡೆಯ ತಂಪು ಪಡಸಾಲೆ, ಮೇಲೆ ಜೋಳ ರಾಗಿ ತುಂಬುವ ಅಟ್ಟ, ಅದರ ಮೇಲೆ ಹೆಂಚಿನ ಮಾಡು. ಅಟ್ಟದಿಂದ ಇಳಿದು ಬರುವ ಕಾಳಿನ ಬಿಸಿ ವಾಸನೆಯೂ ಹಿತ್ತಿಲಿನಿಂದ ಬರುವ ದನಗಳ ಮೈವಾಸನೆಯೂ ಪಡಸಾಲೆಯಲ್ಲಿ ಬೆರೆಯುತ್ತಿದ್ದವು. ಆ ಮನೆಯಲ್ಲಿ ನಾವಿದ್ದದ್ದು ಅಪ್ಪ, ಅಪ್ಪನ ತಾಯಿಯಾದ ಅಜ್ಜಿ, ಅಪ್ಪನ ತಂಗಿ ಬೊಮ್ಮಕ್ಕತ್ತೆ, ಮತ್ತು ನಾನು. ನನ್ನನ್ನು ಹೆತ್ತು ನನ್ನವ್ವ ತೀರಿಕೊಂಡಿದ್ದಳು. ನನಗೆ ಕೈತುತ್ತು ಹಾಕಿದವಳು, ತಲೆ ಬಾಚಿದವಳು, ಜ್ವರ ಬಂದಾಗ ಮಗ್ಗುಲಲ್ಲಿ ಕೂತವಳು ಅತ್ತೆ. ಅವಳು ಮಲ್ಲಿಗೆಯನ್ನು ಬಿಳಿ ಹೂವು ಎನ್ನುತ್ತಿದ್ದಳು. "ಬಾ ಕೂಸೆ, ಬಿಳಿ ಹೂ ಮುಡಿಸ್ತೀನಿ." ಮಲ್ಲಿಗೆ ಎನ್ನುವ ಮಾತನ್ನು ಅವಳು ಯಾಕೆ ಆಡುವುದಿಲ್ಲವೆಂದು ನಾನು ಕೇಳಿಕೊಂಡೇ ಇರಲಿಲ್ಲ.

ಅತ್ತೆಯ ಗಂಡ ಸಿಡಿಲು ಹೊಡೆದು ಸತ್ತವನು. ಮದುವೆಯಾದ ಹೊಸತು. ಅವನು ಹೊಲ ಉಳುತ್ತಿದ್ದ, ಅವಳು ಮಧ್ಯಾಹ್ನದ ಗಂಜಿ ಒಯ್ದಿದ್ದಳು. ಕುಡಿದು ಮುಗಿಸಿ ಅವನು ಹುಣಸೆ ಮರದಡಿ ಕೂತ. ಅವಳು ಕುಡಿಕೆ ತೊಳೆಯಲು ಕಾಲುವೆಗೆ ಇಳಿದಳು. ಇನ್ನೂ ಮಳೆ ಹನಿಯೇ ಬಿದ್ದಿರಲಿಲ್ಲವಂತೆ. ಅವಳು ಹತ್ತಿ ಬರುವಷ್ಟರಲ್ಲಿ ಮರ ಸೀಳಿತ್ತು, ಅವನು ಕೂತಲ್ಲೇ ಕೂತಿದ್ದ. ಅವಳು ತವರಿಗೆ ಬಂದಳು. ಬಂದ ಮೇಲೆ ಊರು ಒಂದು ಮಾತು ಹುಟ್ಟಿಸಿತು. ನಮ್ಮ ಕಡೆ ಸಿಡಿಲಿಗೆ ತಮಿಳರಂತೆ ಇಡಿ ಎನ್ನುತ್ತಾರೆ. "ಇಡಿ ಜೋಡಿಗೆ ಬಂದಿತ್ತು. ಒಂದ ತಕ್ಕೊಂಡೋಯ್ತು, ಇನ್ನೊಂದಕ್ಕೆ ಬಂದೇ ಬರ್ತದೆ." ಈ ಮಾತು ಅತ್ತೆಯ ಕಿವಿಗೂ ಬಿತ್ತು. ಅಂದಿನಿಂದ ಘಾಟಿಯ ಮೇಲೆ ಮೋಡ ಕಪ್ಪಾಯಿತೆಂದರೆ ಅವಳು ಕೈಕೆಲಸ ಬಿಟ್ಟು ಎದ್ದು ಹೊರಡುತ್ತಿದ್ದಳು. ಊರಾಚೆ ನಮ್ಮ ಬಯಲ ದೊಡ್ಡಿ ಇತ್ತು, ಬೇಸಿಗೆಯಲ್ಲಿ ದನ ಕೂಡುವ ಕಲ್ಲುಬೇಲಿ. ಅಲ್ಲಿ ಹೋಗಿ ಒಬ್ಬಳೇ ಕೂರುವಳು. ಇಡಿ ತನ್ನನ್ನು ಹುಡುಕಿಕೊಂಡು ಬಂದರೆ ಅಲ್ಲಿಗೇ ಬರಲಿ, ಮನೆಗೆ ಬೇಡ ಎಂದು. ಅಪ್ಪ ಮನೆಯಲ್ಲಿದ್ದರೆ ತಡೆಯುತ್ತಿದ್ದ, ಆದರೆ ಅವನು ಮನೆಯಲ್ಲಿರುತ್ತಿದ್ದುದೇ ಅಪರೂಪ. ಅಜ್ಜಿ ಹೋಗು ಎಂದವಳಲ್ಲ, ಇರು ಎಂದವಳೂ ಅಲ್ಲ. ಮಳೆಗಾಲ ಬಂತೆಂದರೆ ಒಂದು ಗೋಣಿಕೊಪ್ಪೆಯನ್ನು ಬಾಗಿಲ ಮೂಲೆಯಲ್ಲಿ ಮಡಿಸಿ ಇಟ್ಟಿರುತ್ತಿದ್ದಳು. ಅತ್ತೆ ಅದನ್ನು ತಲೆಗೆ ಹಾಕಿಕೊಂಡು ಹೋಗುವುದನ್ನು ನಾನು ಕಿಟಕಿಯ ಸರಳು ಹಿಡಿದು ನೋಡುತ್ತಿದ್ದೆ. ಆ ಬೆನ್ನು ಸಣ್ಣಗಾಗುತ್ತ ಹೋಗುವುದು ಈಗಲೂ ಕಣ್ಣಿಗೆ ಕಟ್ಟಿದೆ.

ದೀಪಾವಳಿಯ ತಿಂಗಳಲ್ಲಿ ನಮ್ಮ ಕಣಿವೆಗೆ ಮಧ್ಯಾಹ್ನದ ಮೇಲೆ ಮಳೆ. ಅಂಥ ಒಂದು ಮಧ್ಯಾಹ್ನ ಅಜ್ಜಿಗೆ ಜೊಂಪು ಹತ್ತಿದ್ದಾಗ ನಾನು ಅತ್ತೆಯ ಹಿಂದೆಯೇ ಹೋದೆ. ದೊಡ್ಡಿಯ ಬೇಲಿ ತಲುಪುವಾಗ ಮಳೆ ಜೋರಾಗಿತ್ತು. ಒಳಗೆ ಇಣುಕಿದರೆ ಅತ್ತೆ ಕೂತಿರಲಿಲ್ಲ. ಕೊಪ್ಪೆ ಕೆಳಗೆ ಬಿದ್ದಿತ್ತು, ಅವಳು ನಡುವೆ ನಿಂತು ಮುಖ ಮೇಲೆತ್ತಿ ಕಾದಿದ್ದಳು. ಮಿಂಚಿತು. ಗುಡುಗು ಉರುಳತೊಡಗಿದ ಕೂಡಲೇ ಅವಳು ಕೂಗಿದಳು: "ಮಲ್ಲಯ್ಯಾ! ಏ ಮಲ್ಲಯ್ಯಾ!" ಗುಡುಗು ನಿಂತಾಗ ಬಾಯಿ ಮುಚ್ಚಿದಳು. ಮತ್ತೆ ಗುಡುಗಿದಾಗ ಮತ್ತೆ ಕೂಗಿದಳು. "ಮಲ್ಲಯ್ಯಾ, ನಿನ್ನ ಬಿಳಿ ಎತ್ತಿಗೆ ಕಾಲು ಊನ ಆಯ್ತೋ! ಕಾಲುವೆ ಹೊಲಕ್ಕೆ ಈ ಸರ್ತಿ ರಾಗಿ ಹಾಕ್ಯವ್ರೆ! ಎಲ್ಲಿದೀಯೋ?" ಮನೆಯಲ್ಲಿ ಸೊಲ್ಲೆತ್ತದ ನನ್ನ ಅತ್ತೆ, ಎದೆ ಬಿರಿಯುವ ಹಾಗೆ ಊರ ಸುದ್ದಿ ಕೂಗಿ ಹೇಳುತ್ತಿದ್ದಳು. ನಮ್ಮಲ್ಲಿ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ, ಸತ್ತ ಮೇಲೂ ಹೇಳುವುದಿಲ್ಲ. ಆ ಹೆಸರಿನ ಸದ್ದಿರುವ ಹೂವಿನ ಹೆಸರನ್ನೂ ಹೇಳುವುದಿಲ್ಲ. ಆ ಹೆಸರನ್ನು ನಾನು ಮೊದಲು ಕೇಳಿದ್ದು ಅಲ್ಲಿ. ನನ್ನನ್ನು ಕಂಡು ಅವಳು ಓಡಿ ಬಂದು ಸೆರಗಿನೊಳಗೆ ಎಳೆದುಕೊಂಡಳು. "ಕೇಳಿಸ್ತಾ?" ಅಂದಳು. ಹೂಂ ಅಂದೆ. "ಯಾರ ತಾವೂ ಹೇಳ್ಬ್ಯಾಡ ಕೂಸೆ. ಗುಡುಗಿನಾಗೆ ಹೇಳಿದ್ದು ಯಾರ ಕಿವಿಗೂ ಬೀಳಾಕಿಲ್ಲ ಅಂದ್ಕೊಂಡಿದ್ದೆ." ಅಷ್ಟರಲ್ಲಿ ಬೇಲಿಯಾಚೆಯ ತೆಂಗಿನ ಮರದ ತಲೆ ಬೆಳ್ಳಗೆ ಹತ್ತಿಕೊಂಡಿತು. ಸದ್ದು ಕೇಳಿಸಲಿಲ್ಲ, ನೆಲವೇ ನನ್ನನ್ನು ನೂಕಿದಂತಾಯಿತು. ಕಣ್ಣು ತೆರೆದಾಗ ಅಪ್ಪನ ಹೆಗಲ ಮೇಲಿದ್ದೆ. ಗಾಡಿ ಬಿಟ್ಟು ಮನೆಗೆ ಬಂದವನು ನನ್ನನ್ನು ಕಾಣದೆ ಓಡಿ ಬಂದಿದ್ದ.

ಆ ಸಂಜೆ ಅಪ್ಪ ಉಣ್ಣಲಿಲ್ಲ. ತಂಗಿಯನ್ನು ಎದುರಿಗೆ ಕೂರಿಸಿಕೊಂಡು, "ನೀ ಹೋದ್ರೆ ಕೂಸೂ ಬರ್ತದೆ ಬೊಮ್ಮಿ. ಇವತ್ತು ಕಂಡ್ಯಲ್ಲ" ಎಂದ. ಘಾಟಿಯ ಮೇಲೆ ಬಂಡೆ ಸಿಡಿಸುವ ಮದ್ದು ತುಂಬಿದ ಮನೆಯೊಂದಿತ್ತು. ಅದರ ನೆತ್ತಿಯ ಮೇಲೆ ಒಂದು ತಾಮ್ರದ ಸಲಾಕೆ, ಅಲ್ಲಿಂದ ನೆಲದವರೆಗೆ ತಾಮ್ರದ ಪಟ್ಟಿ. ಮದ್ದಿನ ಮನೆಗೇ ಇಡಿ ಏನೂ ಮಾಡದಿದ್ದ ಮೇಲೆ ನಮ್ಮ ಮನೆಗೆ ಏನು ಮಾಡೀತು ಎಂದು ಅಪ್ಪ ಅಲ್ಲಿಯವರನ್ನು ಕೇಳಿ ಕೇಳಿ ಎಲ್ಲ ತಿಳಿದುಕೊಂಡು ಬಂದಿದ್ದ. "ಅಂಥದ್ದೊಂದು ನಮ್ಮ ಮಾಡಿನ ಮ್ಯಾಲೆ ನಿಲ್ಲಿಸ್ತೀನಿ. ಆಮ್ಯಾಲೆ ನೀ ಒಳಗೇ ಇರ್ಬೇಕು. ಕೂಸಿನ ತಲೆ ಮ್ಯಾಲೆ ಕೈ ಇಟ್ಟು ಹೇಳು." ಅತ್ತೆ ನನ್ನನ್ನು ಹತ್ತಿರಕ್ಕೆ ಎಳೆದುಕೊಂಡು ಕೆದರಿದ ಕೂದಲು ಸರಿಪಡಿಸಿದಳು. ಕಡೆಗೆ ಕೈ ಇಟ್ಟಳು. "ಅದು ಸರಿಯಾಗಿ ನಿಂತ್ರೆ ಇರ್ತೀನಣ್ಣ. ನಿಲ್ಲದಿದ್ರೆ ನನ್ನ ಕೇಳ್ಬ್ಯಾಡ." ಆ ಕೈ ಎಷ್ಟು ಭಾರವಾಗಿತ್ತು ಎಂಬುದು ನನಗೆ ಮಾತ್ರ ಗೊತ್ತು. ಅವಳು ಏನನ್ನು ಬಿಟ್ಟುಕೊಡುತ್ತಿದ್ದಾಳೆ ಎಂಬುದೂ.

ತಾಮ್ರ ದಿಂಡಿಗಲ್ಲಿನಿಂದ ಬಂತು, ಅದರ ಜೊತೆ ಬೀಗ ಮಾಡುವ ಆಸಾರಿಯೊಬ್ಬನೂ ಬಂದ. ಎಲೆಯಡಿಕೆ ತುಂಬಿದ ಬಾಯಿ, ಮಾತು ನಿಲ್ಲದ ಬಾಯಿ. "ಗೌಡ್ರೇ, ಕಳ್ಳ ಒಳಗೆ ಬರದಂಗೆ ಬೀಗ ಮಾಡೋ ಕುಲ ನಮ್ದು. ನೀವು ಕಳ್ಳನಿಗೆ ಏಣಿ ಮಾಡ್ಕೊಡು ಅಂತೀರಲ್ಲ!" ಎಂದು ಅಂಗಳಕ್ಕೆಲ್ಲ ಕೇಳುವಂತೆ ನಕ್ಕ. ಅಪ್ಪ, "ಏಣಿ ಹಿತ್ತಿಲಾಗೆ ಇಟ್ರೆ ಅವನು ಅಲ್ಲೇ ಇಳಿದು ಹೋಗ್ತಾನೆ, ಪಡಸಾಲೆಗೆ ಯಾಕೆ ಬರ್ತಾನೆ?" ಎಂದ. ಮಾಡು ಹತ್ತುವ ಮೊದಲು ಆಸಾರಿಯ ಸೊಂಟಕ್ಕೆ ಹಗ್ಗ ಕಟ್ಟಿ ಇನ್ನೊಂದು ತುದಿಯನ್ನು ಅಟ್ಟದ ತೊಲೆಗೆ ಬಿಗಿದ. ಘಾಟಿಯ ಮೇಲೆ ಅಂಗೈಯಗಲ ಮೋಡ ಕಂಡರೂ ಆ ದಿನದ ಕೆಲಸ ಅಲ್ಲಿಗೆ ನಿಲ್ಲುತ್ತಿತ್ತು. ಸಲಾಕೆ ಮಾಡಿನ ನೆತ್ತಿಗಿಂತ ಆಳೆತ್ತರ ಮೇಲೆ ನಿಂತಿತು. ಪಟ್ಟಿಯನ್ನು ಸೂರಿನ ಬಳಿ ಹಾವಿನಂತೆ ಸುತ್ತಿಸಿ ಅಂದ ಮಾಡುತ್ತೇನೆಂದು ಆಸಾರಿ ಹಟ ಹಿಡಿದ. "ವಯ್ಯಾರ ಎಲ್ಲ ನಿನ್ನ ಬೀಗಕ್ಕೆ ಇಟ್ಕೋ. ಓಡೋ ಎತ್ತನ್ನ ಥಟ್ಟಂತ ಮೂಲೇಲಿ ತಿರುಗಿಸಿದ್ರೆ ಏನಾಗ್ತದೆ? ಗಾಡಿ ಮಗುಚಿ ಪಕ್ಕದ ಮನೆಗೆ ನುಗ್ತದೆ. ಇಡೀನೂ ಹಂಗೇ" ಎಂದು ಅಪ್ಪ ಗದರಿದ. ಹಾಗಾಗಿ ಪಟ್ಟಿ ಎಲ್ಲೂ ಕೊಂಕಿಲ್ಲದೆ, ನಡುವೆ ತುಂಡಿಲ್ಲದೆ, ಹಿತ್ತಿಲ ಗೋಡೆಯ ಮೇಲೆ ನೆಟ್ಟಗೆ ಇಳಿಯಿತು. ಆ ಗೋಡೆಯ ಒಳಮೈಗೆ ನನ್ನ ಉಯ್ಯಾಲೆ ತೂಗುತ್ತಿತ್ತು. ಅದರ ಕಬ್ಬಿಣದ ಸರಪಣಿ ಬಿಚ್ಚಿ ನಾರಿನ ಹಗ್ಗ ಹಾಕಿದರು. ಅಲ್ಲಿ ಕಟ್ಟುತ್ತಿದ್ದ ಹಸುವನ್ನು ಆಚೆ ಮೂಲೆಗೆ ಸರಿಸಿದರು. ಬಚ್ಚಲ ನೀರು ಇಂಗಿ ಸದಾ ಒದ್ದೆಯಾಗಿರುವ ಬಾಳೆಯ ಬುಡದಲ್ಲಿ ಆಳುದ್ದ ಗುಂಡಿ ತೋಡಿ, ಪಟ್ಟಿಯ ತುದಿಗೆ ಬೆಸೆದ ತಗಡನ್ನು ಇಳಿಸಿ, ಸುತ್ತ ಇದ್ದಿಲೂ ಉಪ್ಪೂ ತುಂಬಿ ನೀರು ಹೊಯ್ದು ಮುಚ್ಚಿದರು. "ಮ್ಯಾಲಿನದಕ್ಕಿಂತ ಇದು ಮುಖ್ಯ. ಇದು ಒಣಗಿದ್ರೆ, ಮ್ಯಾಲಿನ ಸಲಾಕೆ ಇಡೀನ ಕರೆದು ಮನೆಯೊಳಕ್ಕೆ ಬಿಟ್ಟಂಗೆ. ಅದಕ್ಕಿಂತ ಏನೂ ಇಲ್ಲದಿರೋದೇ ವಾಸಿ" ಎಂದು ಅಪ್ಪ ನಮ್ಮೆಲ್ಲರಿಗೂ ಹೇಳಿ, ಗಾಡಿ ಕಟ್ಟಿಕೊಂಡು ಘಾಟಿ ಹತ್ತಿದ.

ಆ ಕಂಬಿಯ ಮೇಲುಭಾಗ ಅಜ್ಜಿಗೆ ಹಿಡಿಸಿತ್ತು. ಗುಡಿಯ ಕಲಶದಂತೆ ಹೊಳೆಯುತ್ತದೆ, ಊರಿಗೆಲ್ಲ ಕಾಣುತ್ತದೆ ಎಂದು ಕೆಳಗಿನಿಂದಲೇ ಕೈ ಮುಗಿಯುತ್ತಿದ್ದಳು. ಕೆಳಗಿನ ಗುಂಡಿ ಮಾತ್ರ ಅವಳ ನಿದ್ದೆ ಕೆಡಿಸಿತು. ಉಪ್ಪೆಂದರೆ ಲಕ್ಷ್ಮಿ. ಚೆಲ್ಲಿದ ಉಪ್ಪನ್ನು ತುಳಿಯಬಾರದು, ಸಂಜೆಯ ಮೇಲೆ ಕೈಯಿಂದ ಕೈಗೆ ಕೊಡಬಾರದು. ಅಂಥ ಉಪ್ಪನ್ನು ಕರಿ ಇದ್ದಿಲ ಜೊತೆ ಮನೆಯ ಬುಡದಲ್ಲಿ ಹೂಳುವುದೆಂದರೆ ಅದು ಹಗೆಗಳು ಮಾಡಿಸುವ ಮಾಟ. ಅದನ್ನು ಸ್ವಂತ ಮಗನೇ ಮಾಡಿ ಹೋಗಿದ್ದಾನೆ. ಅಪ್ಪನ ಗಾಡಿಗಳು ಕಣ್ಣಿಗೆ ಮರೆಯಾದ ಮಾರನೆಯ ದಿನ ಅಜ್ಜಿ ಕೂಲಿಯವರನ್ನು ಕರೆಸಿ, ಗುಂಡಿ ಬಗೆಸಿ, ಇದ್ದಿಲು ಉಪ್ಪನ್ನೆಲ್ಲ ಕಾಲುವೆಗೆ ಹಾಕಿಸಿಬಿಟ್ಟಳು. ತಗಡೊಂದೇ ಉಳಿದ ಗುಂಡಿಗೆ ಹೊಳೆಯ ಮರಳನ್ನು ತೊಳೆದು ಒಣಗಿಸಿ ತುಂಬಿಸಿದಳು, ಮೇಲೆ ಅರಿಸಿನ ಕುಂಕುಮ ಹಾಕಿದಳು. ಬಚ್ಚಲ ನೀರು ಆ ಕಡೆ ಹೋಗದಂತೆ ಮಣ್ಣಿನ ಬದುವನ್ನೂ ಕಟ್ಟಿಸಿದಳು. ಇಡಿ ದೇವರಲ್ಲವೇ, ದೇವರು ಇಳಿಯುವ ಜಾಗ ಮಡಿಯಾಗಿರಲಿ ಎಂಬುದು ಅವಳ ಎಣಿಕೆ. ಮನೆ ಉಳಿಯಲಿ ಎಂದೇ ಅವಳು ಹಾಗೆ ಮಾಡಿದ್ದು. ಮಕ್ಕಳೇ, ಅವಳ ಮೇಲೆ ನನಗೆ ಆಗಲೂ ಕೋಪ ಬರಲಿಲ್ಲ, ಈಗಲೂ ಇಲ್ಲ.

ಹೊಲದಿಂದ ಬಂದ ಅತ್ತೆ ಆ ಒಣ ಮರಳಿನ ಮುಂದೆ ಹುಲ್ಲಿನ ಹೊರೆ ಇಳಿಸಿ ನಿಂತಳು. ನಾನು ಅವಳ ಮುಖವನ್ನೇ ನೋಡುತ್ತಿದ್ದೆ. ಘಾಟಿಯ ಮೇಲೆ ಆಗಲೇ ಕಪ್ಪು ಏರತೊಡಗಿತ್ತು. ಅವಳು ಅಣ್ಣನಿಗೆ ಕೊಟ್ಟ ಮಾತು, ಕಂಬಿ ಸರಿಯಾಗಿ ನಿಂತರೆ ಎಂಬುದು. ಅದೀಗ ಸರಿಯಾಗಿರಲಿಲ್ಲ, ಕೆಡಿಸಿದವಳು ಅವಳಲ್ಲ. ಕೊಪ್ಪೆ ಹಾಕಿಕೊಂಡು ನನ್ನನ್ನೂ ಅಜ್ಜಿಯನ್ನೂ ಪಕ್ಕದ ಮನೆಗೆ ಕಳಿಸಿ ದೊಡ್ಡಿಯ ದಾರಿ ಹಿಡಿದಿದ್ದರೆ ಯಾರೂ ತಪ್ಪೆನ್ನುವಂತಿರಲಿಲ್ಲ. ಅವಳು ದೊಡ್ಡಿಯ ದಿಕ್ಕಿಗೆ ಒಮ್ಮೆ ನೋಡಿದ್ದು ನಿಜ. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಗುದ್ದಲಿ ತಂದಳು. ಮರಳನ್ನು ಬಗೆದು ಬಗೆದು ಹೊರಗೆಸೆದಳು. ಬದು ಒಡೆದಳು. ಅಡುಗೆಮನೆಯ ಇದ್ದಿಲ ಗುಡಾಣ ಎತ್ತಿ ತಂದು ಬೋರಲು ಹಾಕಿದಳು. ಉಪ್ಪಿನ ಮಡಕೆಗೆ ಕೈ ಹಾಕಿದಾಗ ಅಜ್ಜಿ ಅಡ್ಡ ಬಂದು ಅದರ ಕಂಠ ಹಿಡಿದುಕೊಂಡಳು.

"ಲಕ್ಷ್ಮೀನ ಹೂಳ್ತೀಯೇನೆ ಪಾಪಿ? ಈ ಮನೆ ಹಾಳಾಗ್ಲಿ ಅಂತಲಾ?"

"ಮನೆ ಉಳೀಲಿ ಅಂತ್ಲೇ ಅವ್ವಾ."

"ಇದು ಮಾಟ ಕಣೆ! ಹೂಳಿದೋರ ಕೈಗೇ ಹತ್ತಿಕೊಳ್ತದೆ!"

"ಹತ್ತಲಿ ಬಿಡು. ನನಗೆ ಹತ್ತದೇ ಇರೋದು ಇನ್ನೇನೈತೆ? ಅಣ್ಣ ಹೂಳಿದ್ರೆ ಅಣ್ಣಂಗೆ ಹತ್ತೀತು ಅಂತ ತಾನೆ ನಿನ್ನ ಭಯ? ಈಗ ನಾ ಹೂಳ್ತೀನಿ. ಈ ಕೂಸು ಈ ಸೂರಿನಡೀಲೇ ಮಲಗ್ಬೇಕಲ್ಲ."

ಅಜ್ಜಿಯ ಕೈ ಸಡಿಲವಾಯಿತು. ಅತ್ತೆ ಉಪ್ಪು ಸುರಿದು ಮೇಲೆ ಮಣ್ಣೆಳೆದಳು. ಬಚ್ಚಲ ಹಂಡೆಯಿಂದ ಕೊಡ ಕೊಡ ನೀರು ತಂದು ಹೊಯ್ದಳು. ಆಗ ಎದ್ದಿತು ಆ ವಾಸನೆ. ಅಜ್ಜಿ ಕಂಬಕ್ಕೆ ಒರಗಿ ನಿಂತು ನೋಡುತ್ತಿದ್ದವಳು, ಕಡೆಯ ಕೊಡವನ್ನು ತಾನೇ ತಂದು ಮಗಳ ಕೈಗೆ ಕೊಟ್ಟಳು.

ಮಳೆ ಆ ಮಧ್ಯಾಹ್ನವೇ ಬಂತು. ಬಾಗಿಲು ಹಾಕಿ ಮೂವರೂ ಪಡಸಾಲೆಯ ನಡುವೆ, ಗೋಡೆಗಳಿಂದ ದೂರ ಕೂತೆವು. ನಾನು ಅತ್ತೆಯ ಮಡಿಲಲ್ಲಿದ್ದೆ. ಗಂಡ ಸತ್ತ ಮೇಲೆ ಅವಳು ಸಿಡಿಲಿನ ಹೊತ್ತಿನಲ್ಲಿ ಆ ಮನೆಯೊಳಗೆ ತಾನಾಗಿ ಕೂತದ್ದು ಅದೇ ಮೊದಲು. ಕೈಕಾಲು ಎಲ್ಲಿಡುವುದೆಂದು ತಿಳಿಯದ ಅತಿಥಿಯ ಹಾಗೆ ಕೂತಿದ್ದಳು. ಮೊದಲ ಗುಡುಗಿಗೆ ಅವಳ ಎದೆ ಉಬ್ಬಿತು. ನನ್ನ ಬೆನ್ನಿಗೆ ಅದು ತಿಳಿಯಿತು: ಉಸಿರು ತುಂಬಿಕೊಂಡಳು, ತಡೆದಳು, ಸದ್ದಿಲ್ಲದೆ ಬಿಟ್ಟಳು. ಎರಡನೆಯದಕ್ಕೂ ಹಾಗೆಯೇ. ಅಜ್ಜಿ ಪಕ್ಕದಲ್ಲೇ ಇದ್ದಳು. ಗುಡುಗು ಎಷ್ಟು ಜೋರಾಗಿದ್ದರೂ ಮೊಣಕಾಲಿಗೆ ಮೊಣಕಾಲು ತಾಗಿ ಕೂತವರಿಗೆ ಕೇಳಿಸದೆ ಇದ್ದೀತೇ? ಆಮೇಲೆ ಮನೆಯೆಲ್ಲ ಒಮ್ಮೆಲೇ ಬೆಳಕಾಯಿತು. ಹೆಂಚುಗಳು ಗಡಗಡಿಸಿದವು, ಅಟ್ಟದಿಂದ ಕಾಳಿನ ಧೂಳು ಸುರಿಯಿತು. ಹಿತ್ತಿಲಲ್ಲಿ ಹಸು ಕೂಗಿತು, ಅಷ್ಟೆ. ಮಳೆ ತಗ್ಗಿದ ಮೇಲೆ ನೋಡಿದರೆ ಸಲಾಕೆಯ ಮೊನೆ ಕರಗಿ ಮೊಂಡಾಗಿತ್ತು. ಗೋಡೆಯಲ್ಲಿ ಒಂದು ಬಿರುಕಿರಲಿಲ್ಲ. ಗುಂಡಿಯ ಮೇಲಿನ ಮಣ್ಣಿನಿಂದ ತೆಳ್ಳಗೆ ಹಬೆ ಏಳುತ್ತಿತ್ತು. ಅಜ್ಜಿ ಅದಕ್ಕೆ ಹಾಲೆರೆದು ಅತ್ತಳು. "ಬಂದು ಹೋಯ್ತು ಕಣೆ ಬೊಮ್ಮಿ! ಬಾಕಿ ತೀರ್ತು! ನಿನ್ನ ಬಿಟ್ಟೋಯ್ತು!" ಎಂದು ಮಗಳ ಮುಖ ನೇವರಿಸಿದಳು. ಬೀದಿಯವರೆಲ್ಲ ಬಂದು ಹೌದೆಂದರು. ಅತ್ತೆಯನ್ನು ಕಂಡರೆ ಮುಖ ತಿರುಗಿಸುತ್ತಿದ್ದವರು ಅಂದಿನಿಂದ ಮದುವೆ ಮನೆಗೂ ಕರೆಯತೊಡಗಿದರು.

ಕೊಪ್ಪೆ ಬಾಗಿಲ ಮೂಲೆಯಿಂದ ಅಟ್ಟಕ್ಕೆ ಹೋಯಿತು. ಬೇಸಿಗೆಯಲ್ಲಿ ಗುಂಡಿ ಒಣಗದಂತೆ ನೀರು ಹೊಯ್ಯುವ ಕೆಲಸವನ್ನು ಅತ್ತೆ ಯಾರಿಗೂ ಬಿಡಲಿಲ್ಲ. ಒಮ್ಮೆ ಮೋಡ ಕಟ್ಟಿದಾಗ ನಾನೇ ಅವಳ ಕಿವಿಯಲ್ಲಿ, "ದೊಡ್ಡಿಗೆ ಹೋಗಿ ಬಾ ಅತ್ತೆ, ಅಜ್ಜಿಗೆ ನಾ ಏನಾರ ಹೇಳ್ತೀನಿ" ಎಂದೆ. ಅವಳು ನಕ್ಕಳು. "ಇನ್ನ ಬ್ಯಾಡ ಕೂಸೆ. ನಿಮ್ಮಪ್ಪ ಅಷ್ಟು ದೂರದಿಂದ ತಾಮ್ರ ತಂದವ್ನೆ." ನಾನು ಕಂಬಂಗೆ ಮದುವೆಯಾಗಿ ಹೋಗುವವರೆಗೆ ಪ್ರತಿ ಮಳೆಯಲ್ಲೂ ಅವಳ ಪಕ್ಕ ಕೂತೆ, ಮೊದಮೊದಲು ಪ್ರತಿ ಗುಡುಗಿಗೂ ಆ ಎದೆ ಉಬ್ಬುತ್ತಿತ್ತು. ವರ್ಷ ಕಳೆದಂತೆ ಅದೂ ನಿಂತಿತು. ಯಾವ ಮಳೆಯಲ್ಲಿ ನಿಂತಿತೆಂದು ನನಗೆ ಗೊತ್ತಾಗಲಿಲ್ಲ. ನಿಮ್ಮ ತಾತ ಹೋದ ಮೇಲೆ, ಕಂಬಂ ಬಿಟ್ಟು ಬಂದ ಈ ದಿಂಡಿಗಲ್ ಮನೆಯಲ್ಲಿ ನೀವೆಲ್ಲ ಸುತ್ತ ಇದ್ದೂ ಕೆಲವು ಸಂಜೆ ನನಗೂ ಏನೋ ಹೇಳಬೇಕೆನಿಸುತ್ತದೆ, ಅಕ್ಕಿ ಚೆನ್ನಾಗಿ ಅರಳಿತು, ಮೆಟ್ಟಿಲ ಕಲ್ಲು ಅಲುಗುತ್ತಿದೆ ಎಂಬಂಥ ಮಾತು. ಯಾರನ್ನು ಕರೆದು ಹೇಳುವುದು, ಏನೆಂದು ಕರೆಯುವುದು? ಆಗೆಲ್ಲ ಬೊಮ್ಮಕ್ಕತ್ತೆ ನನ್ನ ಬೆನ್ನಿಗೆ ತಾಗಿಕೊಂಡು ಕೂತಂತಿರುತ್ತದೆ.

ಅಜ್ಜಿ ಹೋದಳು, ಅಪ್ಪ ಹೋದ. ಮಾಡು ಇಳಿದು, ಈಗ ಆ ಜಾಗದಲ್ಲಿ ಬೇರೆಯವರ ಕಣ. ಅದಕ್ಕೂ ಮೊದಲು, ಅತ್ತೆಗೆ ಕಾಯಿಲೆ ಜೋರಾಗಿದೆ ಎಂದು ಕೇಳಿ ನಾನು ಗಾಡಿ ಮಾಡಿಕೊಂಡು ಹೋಗಿದ್ದೆ. ಕಡು ಬೇಸಿಗೆ, ಆಕಾಶದಲ್ಲಿ ಒಂದು ಚೂರು ಮೋಡವಿಲ್ಲ. ಪಡಸಾಲೆಯಲ್ಲಿ ಮಲಗಿದ್ದಳು. ನೋಡಿಕೊಳ್ಳುತ್ತಿದ್ದ ಹೆಂಗಸು ನೀರಿಗೆ ಹೋದದ್ದೇ ನನ್ನ ಮಣಿಕಟ್ಟು ಹಿಡಿದುಕೊಂಡಳು. "ಕೂಸೆ, ಒಂದ್ ಸರ್ತಿ ಕೂಗ್ತೀಯಾ? ನನಗೆ ಉಸಿರು ಸಾಲ್ತಿಲ್ಲ." ನಾನು ಬಾಗಿಲಾಚೆ ನೋಡಿ, ಮೆಲ್ಲಗೆ, "ಮಾವಾ" ಎಂದೆ. ಅವಳ ತುಟಿ ಓರೆಯಾಯಿತು. "ಮಾವಂದಿರು ಊರ ತುಂಬಾ ಅವ್ರೆ. ಯಾರು ಅಂತ ಬರ್ತಾರೆ? ಹೆಸರು ಹಿಡ್ದು ಕೂಗು. ಜೋರಾಗಿ." ಜೋರಾಗಿ ಮಾತಾಡಿ ನನಗೆ ರೂಢಿಯೇ ಇಲ್ಲ, ಮಕ್ಕಳೇ. ಬೀದಿಯಲ್ಲಿ ಜನ ಓಡಾಡುತ್ತಿದ್ದರು. ಹಿತ್ತಿಲ ಬಾಗಿಲಿಗೆ ಹೋಗಿ ನಿಂತು, ದೊಡ್ಡಿಯ ಕಡೆಗೆ ಮುಖ ಮಾಡಿ, ಎದೆಯಲ್ಲಿದ್ದ ಉಸಿರನ್ನೆಲ್ಲ ತೆಗೆದುಕೊಂಡು ಕೂಗಿದೆ. "ಮಲ್ಲಯ್ಯಾ! ಏ ಮಲ್ಲಯ್ಯಾ!" ನನ್ನ ಧ್ವನಿ ಬಯಲ ಮೇಲೆ ಹೋದದ್ದು ನನಗೇ ಕೇಳಿಸಿತು. ಬೀದಿಯಲ್ಲಿ ಯಾರೋ ನಿಂತು ನೋಡಿದರು. ತಿರುಗಿದಾಗ ಅತ್ತೆ ದಿಂಬಿನಿಂದ ತಲೆಯನ್ನು ತುಸು ಎತ್ತಿ, ಬಾಗಿಲ ಬೆಳಕಿನ ಕಡೆಗೆ ಕಿವಿಗೊಟ್ಟು ಮಲಗಿದ್ದಳು. ನಾನು ಉಸಿರೂ ಬಿಡದೆ ನಿಂತೆ. ಅವಳು ಇನ್ನೂ ಸ್ವಲ್ಪ ಹೊತ್ತು ಹಾಗೆಯೇ ಕೇಳುತ್ತಿದ್ದಳು.